ಕಥೆ, ಕಾದಂಬರಿ, ಕಾವ್ಯ, ನಾಟಕ: ಇವುಗಳಿಗೆ ವ್ಯತ್ಯಾಸ ಏನು, ಮೊದಲು ಯಾವುದನ್ನು ಓದಲಿ?

ನೀವು ಕೋಲಾರದವರು, ಡಿಪ್ಲೊಮಾ ಮುಗಿಸಿದವರು, ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕ ಮುಟ್ಟಿಲ್ಲ ಅಂತ ಬರೆದಿದ್ದೀರಿ. ನಾನು ತುಮಕೂರಿನವನು. ಮೇಷ್ಟ್ರಲ್ಲ, ಓದುವ ಚಟ ಇದೆ ಅಷ್ಟೇ.

ಸಾಹಿತ್ಯವನ್ನು ಗದ್ಯ, ಪದ್ಯ ಅಂತ ಎರಡು ಮಾಡುವುದು ಪರೀಕ್ಷೆಗೆ ಸಾಕು, ಓದುವವರಿಗೆ ಸಾಲದು. ಹಳೆಯ ಚಂಪೂ ಕಾವ್ಯಗಳಲ್ಲಿ ಎರಡೂ ಬೆರೆತಿವೆ. ವಚನ ಛಂದಸ್ಸಿಗೆ ಕಟ್ಟುಬಿದ್ದಿಲ್ಲ, ಆದರೂ ಹಾಡಲು ಬರುತ್ತದೆ. ಅದನ್ನು ಯಾವ ಕಡೆ ಸೇರಿಸುತ್ತೀರಿ? ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: ಇದು ನೋಡುವುದಕ್ಕೋ, ಕೇಳುವುದಕ್ಕೋ, ಓದುವುದಕ್ಕೋ?

ನಾಟಕ ನೋಡುವುದಕ್ಕೆ. ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕಾದರೆ ದುಡ್ಡು ಕಟ್ಟಬೇಕು; ಕೃಷ್ಣ, ದುರ್ಯೋಧನನಿಗೆ ಜಾಸ್ತಿ. ಒಂದು ಕಂದಪದ್ಯವನ್ನು ರಾಗ ಎಳೆದು ಹಾಡಿದರೆ ಜನ ‘ಒನ್ಸ್ ಮೋರ್’ ಅಂತಾರೆ. ಯುದ್ಧ ಕಾಯುತ್ತಾ ನಿಲ್ಲುತ್ತದೆ, ದುರ್ಯೋಧನ ಮತ್ತೆ ಮೊದಲಿನಿಂದ ಹಾಡುತ್ತಾನೆ! ಅದೇ ನಾಟಕದ ಪುಸ್ತಕವನ್ನು ಮನೆಯಲ್ಲಿ ಕೂತು ಓದಿ, ಸಪ್ಪೆ ಅನ್ನಿಸುತ್ತದೆ. ಬರೆದವರು ಅರ್ಧ ಕೆಲಸವನ್ನು ನಟರಿಗೆ ಬಿಟ್ಟಿರುತ್ತಾರೆ ಅಲ್ವಾ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ಮುಂದೆ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅದು ಪುಸ್ತಕದಲ್ಲಿ ಹೇಗೆ ಸಿಗಬೇಕು?

ಕವಿತೆ ಕೇಳುವುದಕ್ಕೆ. ನಿಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರದ್ದು, 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ಸುಮ್ನೆ ಕಣ್ಣಾಡಿಸಿದರೆ ತಲೆಗೆ ಹತ್ತುವುದಿಲ್ಲ. ಗಟ್ಟಿಯಾಗಿ ಓದಿ, ಪದ ಬಿಡಿಸಿಕೊಂಡು ಇನ್ನೊಮ್ಮೆ ಓದಿ. ದಿನಕ್ಕೆ ಒಂದು ಸಾಕು. ಕೈವಾರ ತಾತಯ್ಯನವರ ತತ್ವಪದಗಳನ್ನು ಭಜನೆಯಲ್ಲಿ ಕೇಳಿರುತ್ತೀರಿ. ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಅವೂ ಸಾಹಿತ್ಯವೇ. ಓದು ಬರಹ ಬಾರದ ಅಜ್ಜಿಯರು ಹೇಳುವ ಸೋಬಾನೆ ಪದವನ್ನೂ ನಾನು ಬಿಡುವುದಿಲ್ಲ.

ಕಥೆ, ಕಾದಂಬರಿ ಒಬ್ಬರೇ ಕೂತು ಓದುವಂಥವು. ಇವೆರಡರ ವ್ಯತ್ಯಾಸ ಬರೀ ಪುಟಗಳದ್ದಲ್ಲ. ಸಣ್ಣಕಥೆ ಒಂದು ಪ್ರಸಂಗ ಹಿಡಿದು ಅಷ್ಟಕ್ಕೇ ನಿಲ್ಲುತ್ತದೆ, ಹಿಂದುಮುಂದಿನದನ್ನು ನಾವು ಊಹಿಸಿಕೊಳ್ಳಬೇಕು. ಕಾದಂಬರಿಗೆ ಅವಸರವಿಲ್ಲ. ಇದನ್ನು ಮಾಸ್ತಿಯವರಲ್ಲೇ ನೋಡಬಹುದು, ಮಾಸ್ತಿ ಊರು ನಿಮ್ಮ ಮಾಲೂರು ತಾಲ್ಲೂಕಿನದು. 1920ರಲ್ಲಿ ಬಂದ ಅವರ ಮೊದಲ ಕಥಾಸಂಕಲನದ ಹೆಸರೇ ‘ಕೆಲವು ಸಣ್ಣ ಕಥೆಗಳು’. 1983ರ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನ ಕಾದಂಬರಿ. ಅಲ್ಲಿ ಒಬ್ಬ ಅರಸ ಕೆಡುವುದರ ಜೊತೆಗೆ ರಾಜ್ಯ ಕೈಬಿಟ್ಟುಹೋಗುವುದನ್ನೂ ನಿಧಾನವಾಗಿ ನೋಡುತ್ತೀರಿ. ಅಷ್ಟು ಜನ, ಅಷ್ಟು ಸಂಚು ಸಣ್ಣಕಥೆಯಲ್ಲಿ ಹಿಡಿಸುವುದಿಲ್ಲ.

ಪ್ರಬಂಧ, ಪ್ರವಾಸಕಥನ, ವಿಮರ್ಶೆ ಇವೆಲ್ಲ ಆಮೇಲೆ ನೋಡಿಕೊಳ್ಳಿ. ವಿಮರ್ಶೆಯನ್ನಂತೂ ಮೊದಲೇ ಹಿಡಿಯಬೇಡಿ, ಓದುವ ಆಸೆಯೇ ಹೋದೀತು.

ಮಾಸ್ತಿಯವರ ಕಥೆಗಳಿಂದಲೇ ಶುರು ಮಾಡಿ. ಮಾತು ಸರಳ, ಬಸ್ಸಿನಲ್ಲಿ ಕೂತು ಒಂದು ಕಥೆ ಮುಗಿಸಬಹುದು. ಕಟ್ಟುಕಥೆ ಬೇಡ, ನಡೆದದ್ದು ಬೇಕು ಅನ್ನಿಸಿದರೆ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ ಇದೆ. ಓದುವ ಆಸೆಗೆ ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ ಅವರು. ಎರಡೂ ಗ್ರಂಥಾಲಯದಲ್ಲಿ ಕೇಳಿ ನೋಡಿ.