ಸ್ಟ್ರೋಕ್ ಆದವರ ಮನೆಗೇ ಹೋಗಿ ಥೆರಪಿ ಕೊಡುವ ಸೀನಿಯರ್ ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬಿಓಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೀರಿ. ಈಗ ಮನೆ ವಿಸಿಟ್ ಮಾಡುವ ಕೆಲಸ ಸಿಕ್ಕಿದೆ. ಅಲ್ಲಿಗೆ ಹೋದರೆ ಕಲಿತದ್ದು ಮರೆತುಹೋಗುತ್ತದಾ, ಮುಂದೆ ಸೀನಿಯರ್ ಆದರೆ ಮಾಡೋದೇನು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಒಂದು ಸ್ಕೂಟರ್, ಹೆಗಲಿಗೊಂದು ಬ್ಯಾಗು, ದಿನಕ್ಕೆ ನಾಲ್ಕೈದು ಮನೆ.

ಕಲಿತದ್ದು ಮರೆಯುವುದಿಲ್ಲ. ಅದರಲ್ಲಿ ಅರ್ಧ ಮನೆಯಲ್ಲಿ ನಡೆಯಲ್ಲ ಅನ್ನೋದು ಗೊತ್ತಾಗುತ್ತದೆ, ಅಷ್ಟೇ. ಆಸ್ಪತ್ರೆಯಲ್ಲಿ ಮಂಚ ಮೇಲೆ ಕೆಳಗೆ ಆಗುತ್ತದೆ, ವೀಲ್‌ಚೇರ್ ಬಾತ್‌ರೂಮಿನ ಒಳಗೇ ಹೋಗುತ್ತದೆ. ಮನೆಯಲ್ಲಿ ಹೊಸ್ತಿಲು ಇರುತ್ತದೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿರುತ್ತಾರೆ. ತುಳಿಯುವ ಹಾಗಿಲ್ಲ, ದಾಟಲೇಬೇಕು. ಎಡಗಾಲು ಎತ್ತಲಾಗದವರಿಗೆ ಆ ಮೂರು ಇಂಚು ಚಾಮುಂಡಿ ಬೆಟ್ಟ. ಹಳೇ ಮನೆಯಾದರೆ ಬಚ್ಚಲು ಹಿತ್ತಲಲ್ಲಿ, ಎರಡು ಮೆಟ್ಟಿಲು ಕೆಳಗೆ. ಪಾಚಿ ಬೇರೆ.

"ನೀವೂ ಫಿಸಿಯೋನಾ ಮೇಡಂ?" ಇದು ಪ್ರತಿ ಮನೆಯಲ್ಲೂ ಬರುವ ಮೊದಲ ಪ್ರಶ್ನೆ. ಭಾರತದಲ್ಲಿ ನಮ್ಮ ಕೋರ್ಸನ್ನು ಕಮಲಾ ನಿಂಬ್ಕರ್ ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶುರು ಮಾಡಿದ್ದು 1950ರಲ್ಲಿ. ಇಷ್ಟು ವರ್ಷ ಆದಮೇಲೂ ನಮ್ಮ ಹೆಸರು ಜನರ ಬಾಯಿಗೆ ಹತ್ತಿಲ್ಲ. ನಾನೀಗ ಉದ್ದ ವಿವರಣೆ ಕೊಡಲ್ಲ. "ಫಿಸಿಯೋದವರು ಯಜಮಾನರನ್ನು ಬಚ್ಚಲ ತನಕ ನಡೆಸುತ್ತಾರೆ. ಒಳಗೆ ಹೋಗಿ ಒಂದೇ ಕೈಯಲ್ಲಿ ಪಂಚೆ ಬಿಚ್ಚಿ, ನೀರು ಹುಯ್ದುಕೊಂಡು, ಮತ್ತೆ ಉಟ್ಟುಕೊಂಡು ಬರೋದಿದೆಯಲ್ಲ, ಅದು ನನ್ನ ಪಾಲು" ಅನ್ನುತ್ತೇನೆ. ಪೂರ್ತಿ ಸರಿಯಾದ ಉತ್ತರ ಅಲ್ಲ, ಗೊತ್ತು. ಆದರೆ ಆಮೇಲೆ ಯಾರೂ ಎರಡನೇ ಸಲ ಕೇಳಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ. ಮಂಡ್ಯ ಕಡೆಯ ರೈತರು, ಅರವತ್ತು ದಾಟಿದವರು. ಬಲಗಡೆ ಲಕ್ವ ಹೊಡೆದಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಚುರುಕಾಗಿತ್ತು. ಮಗನ ಮನೆಯಲ್ಲಿದ್ದರು. ಹೆಂಡತಿ ದಿನಾ ಮುದ್ದೆ ಮುರಿದು, ಸಾರಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದರು. ಎಡಗೈ ಪೂರ್ತಿ ಸರಿಯಾಗಿತ್ತು. ಆದರೂ ಊಟಕ್ಕೆ ಅದನ್ನು ಎತ್ತುತ್ತಲೇ ಇರಲಿಲ್ಲ. ನಾನು ಪುಸ್ತಕದ ಪ್ರಕಾರ ಹಿಡಿ ದಪ್ಪ ಮಾಡಿದ ಚಮಚ ತೆಗೆದುಕೊಂಡು ಹೋದೆ. ಮುದ್ದೆಗೆ ಚಮಚ! ಅವರು ಚಮಚ ನೋಡಿದರು, ನನ್ನ ಮುಖ ನೋಡಿದರು, ಗೋಡೆ ಕಡೆ ತಿರುಗಿದರು.

ಮೂರು ವಾರ ಹೀಗೇ ಹೋಯಿತು. ನನ್ನ ಫೈಲಿನಲ್ಲಿ "ಸಹಕಾರ ಕಡಿಮೆ" ಅಂತ ಬರೆದಿದ್ದೆ. ಈಗ ನೆನೆದರೆ ನಾಚಿಕೆ ಆಗುತ್ತದೆ. ಒಂದು ದಿನ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು: "ಆ ಕೈಲಿ ಕಕ್ಕಸಿಗೆ ಹೋಗಿ ತೊಳ್ಕೊತಾರಲ್ಲವ್ವ, ಅದೇ ಕೈಲಿ ಹೆಂಗ್ ಉಣ್ತಾರೆ?"

ಅಲ್ವಾ? ಹುಟ್ಟಿದಾಗಿನಿಂದ ಎರಡು ಕೈಗೆ ಎರಡು ಕೆಲಸ. ಒಂದು ಕೈ ಹೋದಾಗ ಉಳಿದ ಕೈ ಎರಡನ್ನೂ ಮಾಡಬೇಕು ಅಂತ ನಾವು ಸಲೀಸಾಗಿ ಬರೆದುಬಿಡುತ್ತೇವೆ.

ಆಮೇಲೆ ಎರಡು ಕೆಲಸ ಮಾಡಿದೆವು. ಕಕ್ಕಸಿಗೆ ಹೆಲ್ತ್ ಫಾಸೆಟ್ ಹಾಕಿಸಿ, ಕೈ ಮುಟ್ಟದೆ ನೀರಲ್ಲೇ ತೊಳೆದುಕೊಳ್ಳುವುದು ಅಭ್ಯಾಸ ಮಾಡಿಸಿದೆ. ಇನ್ನೊಂದು, ಬಲಗೈಯನ್ನೇ ತಟ್ಟೆಗೆ ತಂದೆ. ಬೆರಳು ಸ್ವಲ್ಪ ಮಡಚುತ್ತಿತ್ತು, ಬಿಚ್ಚುವುದು ಕಷ್ಟವಾಗಿತ್ತು. ಥೆರಪಿಗೆ ಅಂತ ಅಂಗಡಿಯಲ್ಲಿ ಮಾರುವ, ಕೈಯಲ್ಲಿ ನಾದುವ ಮೆತ್ತನೆಯ ಪುಟ್ಟಿಗಿಂತ ರಾಗಿ ಮುದ್ದೆ ಎಷ್ಟೋ ಮೇಲು. ಹದವಾಗಿರುತ್ತದೆ, ಬೆಚ್ಚಗಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಅವರಿಗೆ ಬೇಕಾದದ್ದು. (ಒಂದು ಎಚ್ಚರಿಕೆ: ಆ ಕೈಗೆ ಬಿಸಿ ತಿಳಿಯುತ್ತದಾ ಅಂತ ಮೊದಲು ನೋಡಿ. ಸ್ಪರ್ಶ ಹೋಗಿದ್ದರೆ ಬಿಸಿ ಮುದ್ದೆ ಸುಟ್ಟರೂ ಗೊತ್ತಾಗಲ್ಲ. ನಾವು ಹೆಂಡತಿಯ ಕೈಯಲ್ಲಿ ಮುಟ್ಟಿಸಿ ನೋಡಿಯೇ ಕೊಡುತ್ತಿದ್ದೆವು.) ಮೊದಲು ಮುದ್ದೆಯ ಮೇಲೆ ಕೈ ಇಟ್ಟು ಒತ್ತುವುದು. ಆಮೇಲೆ ಹೆಬ್ಬೆರಳಿನಿಂದ ಚಿವುಟುವುದು. ಎರಡು ತಿಂಗಳಿಗೆ ಒಂದು ತುತ್ತು ಮುರಿದರು. ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಬಾಯಿ ತನಕ ತಂದರು. ಸಾರು ಮೊಣಕೈಗೆ ಇಳಿದು ಪಂಚೆಯ ಮೇಲೆ ತೊಟ್ಟಿಕ್ಕಿತು. ಹೆಂಡತಿ ಒರೆಸಲು ಬಂದರೆ ಕಣ್ಣಲ್ಲೇ ತಡೆದರು.

ಆಸ್ಪತ್ರೆಯಲ್ಲಿ ಈ ವಿಷಯ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅಲ್ಲಿ ಹಿತ್ತಲು ಇಲ್ಲವಲ್ಲ.

ಇನ್ನೊಂದು ಮನೆಯಲ್ಲಿ ಅತ್ತೆ ಸೊಸೆಗೆ ಮಾತೇ ನಿಂತಿತ್ತು. ಅತ್ತೆಗೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿತ್ತು. ಊಟಕ್ಕೆ ಕೂತರೆ "ಎಲೆಗೆ ಉಪ್ಪು ಬಡಿಸಿಲ್ಲ, ಉಪ್ಪಿನಕಾಯಿ ಹಾಕಿಲ್ಲ" ಅಂತ ದೂರು. ಸೊಸೆ ಪಾಪ ದಿನಾ ಬಡಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ನೋಡಿದೆ. ಎಲೆಯ ಬಲ ಅರ್ಧ ಖಾಲಿ, ಎಡ ಅರ್ಧ ಹಾಗೇ ಇದೆ. ಉಪ್ಪು, ಉಪ್ಪಿನಕಾಯಿ ಎರಡೂ ಎಡ ತುದಿಯಲ್ಲಿ ತಾನೇ ಇರುವುದು? ಕಣ್ಣಿಗೆ ತೊಂದರೆ ಇಲ್ಲ. ಎಡಗಡೆ ಅನ್ನೋದೊಂದು ಇದೆ ಅಂತ ಮೆದುಳು ಗಮನಕ್ಕೇ ತಂದುಕೊಳ್ಳಲ್ಲ. ಇದಕ್ಕೆ ನಾವು ನೆಗ್ಲೆಕ್ಟ್ ಅನ್ನುತ್ತೇವೆ. ಎಲೆಯನ್ನು ಅರ್ಧ ಸುತ್ತು ತಿರುಗಿಸಿದೆ. "ಈಗ ಬಡಿಸಿದಳು ನೋಡು" ಅಂದರು ಅತ್ತೆ. ಸೊಸೆ ಅಳುತ್ತಾ ನಗುತ್ತಾ ಒಳಗೆ ಹೋದಳು. ಆಮೇಲೆ ಅವರ ಎಡಗೈಗೆ ಒಂದು ಕೆಂಪು ಬಳೆ ಹಾಕಿ, ಆ ಕೈಯನ್ನು ಎಲೆಯ ಎಡ ಅಂಚಿಗೆ ಇಟ್ಟು, "ಬಳೆ ಕಾಣೋ ತನಕ ತಲೆ ತಿರುಗಿಸಿ, ಆಮೇಲೆ ಊಟ" ಅಂತ ರೂಢಿ ಮಾಡಿಸಿದೆವು. ಗಾಜಿನ ಬಳೆ ಬೇಡ. ಒಡೆದು ಚುಚ್ಚಿದರೂ ತಿಳಿಯಲ್ಲ.

ಈ ಕೆಲಸದಲ್ಲಿ ಕಷ್ಟ ಯಾವುದು ಅಂದರೆ, ರೋಗಿ ಅಲ್ಲ. ಮನೆಯವರ ಪ್ರೀತಿ. "ಅಮ್ಮಂಗೆ ಒಂದು ಲೋಟ ಎತ್ತೋಕೂ ಬಿಡಲ್ಲ ಮೇಡಂ, ಅಷ್ಟು ಚೆನ್ನಾಗಿ ನೋಡ್ಕೋತಿದೀವಿ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಎದೆ ಧಸಕ್ ಅನ್ನುತ್ತದೆ. ಸ್ಟ್ರೋಕ್ ಆದಮೇಲೆ ಚೇತರಿಕೆಯ ವೇಗ ಜಾಸ್ತಿ ಇರೋದು ಮೊದಲ ಮೂರು ತಿಂಗಳು. ಆ ಹೊತ್ತಿನಲ್ಲೇ ಕೈಗೆ ಕೆಲಸ ಇಲ್ಲದ ಹಾಗೆ ಮಾಡಿಬಿಡುತ್ತಾರೆ. ಮಗನಿಗೆ "ಸುಮ್ನೆ ಕೂತ್ಕೊಳಿ, ಅವರು ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತಗೊಂಡರೂ ಮುಟ್ಟಬೇಡಿ" ಅಂದರೆ, ನಾನು ಕಲ್ಲು ಮನಸ್ಸಿನವಳು ಅನ್ನೋ ಹಾಗೆ ನೋಡುತ್ತಾರೆ.

ಹಾಗಂತ ಮನೆಯವರನ್ನೇ ಥೆರಪಿಸ್ಟ್ ಮಾಡಿದರೆ ಸಾಕು ಅಂತಲೂ ಅಲ್ಲ. ನಮ್ಮ ದೇಶದಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಟೆಂಡ್ ಅಂತ ಅದರ ಹೆಸರು. 14 ಆಸ್ಪತ್ರೆ, 1,250 ರೋಗಿಗಳು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ಥೆರಪಿ ಮಾಡಿಸಿದರು. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರು ತಿಂಗಳಿಗೆ ನೋಡಿದರೆ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಏನೂ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿ ಕೆಲವರು ಮನೆಯವರಿಂದ ಪ್ರಯೋಜನ ಇಲ್ಲ ಅಂದುಬಿಟ್ಟರು. ನಾನು ಹಾಗೆ ಓದಿಕೊಳ್ಳಲ್ಲ. ಮಗ ಮಗನಾಗಿರಲಿ, ವ್ಯಾಯಾಮದ ಮೇಷ್ಟ್ರು ಆಗೋದು ಬೇಡ. ಅಪ್ಪನ ಕೈಗೆ ಪೇಪರ್ ಕೊಡಲಿ, ಹೂಬುಟ್ಟಿ ಕೊಡಲಿ, ಆಮೇಲೆ ಪಕ್ಕಕ್ಕೆ ಸರಿಯಲಿ. ನಾನು ಮನೆಯವರಿಗೆ ಕಲಿಸೋದು ಇಷ್ಟೇ. ಒಂದೇ ಒಂದು ವಿಷಯಕ್ಕೆ ಮಾತ್ರ ಗದರುತ್ತೇನೆ: ಎಬ್ಬಿಸುವಾಗ ಬಿದ್ದುಹೋದ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಇನ್ನು ಆ ಹಳದಿ ಸ್ಮೈಲಿ ಬಾಲು! ಪ್ರತಿ ಮನೆಯಲ್ಲೂ ಇರುತ್ತದೆ. ಬೆರಳು ಬಿಗಿದು ಮುಷ್ಟಿ ಕಟ್ಟಿಕೊಂಡಿರುವವರಿಗೆ ಇನ್ನಷ್ಟು ಹಿಸುಕಿಸಿ ಏನು ಸಿಗುತ್ತದೆ? ಅವರಿಗೆ ಬೇಕಾಗಿರೋದು ಬಿಚ್ಚುವುದು.

ನನ್ನ ತಪ್ಪೂ ಒಂದು ಕೇಳಿ. ಶುರುವಿನ ವರ್ಷಗಳಲ್ಲಿ ಎಡಗಡೆ ಬಿದ್ದುಹೋದ ಒಬ್ಬರಿಗೆ ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದೆ. ಬಾಗಿಲಲ್ಲಿ ನಿಂತು ಒಳಗೆ ನೋಡಿ, ಬಲಗಡೆ ಗೋಡೆಗೆ ಗುರುತು ಹಾಕಿದೆ. ಪ್ಲಂಬರ್ ಬಂದು ಕೂರಿಸಿಯೂ ಹೋದ. ಸಂಜೆ ಅವರು ಕಮೋಡ್ ಮೇಲೆ ಕೂತಾಗ ನೋಡಿದರೆ ಕಂಬಿ ಅವರ ಎಡಕ್ಕೆ ಇದೆ! ಕೂತಾಗ ಮುಖ ಬಾಗಿಲ ಕಡೆಗೆ ತಿರುಗುತ್ತದೆ ಅನ್ನೋದೇ ಹೊಳೆದಿರಲಿಲ್ಲ. ಅದು ಬಾಡಿಗೆ ಮನೆ. ಒಂದು ಸಲ ಟೈಲ್ಸ್‌ಗೆ ತೂತು ಹಾಕೋಕೆ ಓನರ್ ಹತ್ತಿರ ಗೋಗರೆದಿದ್ದೆ. ಎರಡನೇ ಸಲ ಕೇಳಲು ಹೋದಾಗ ಅವರು ಹೇಳಿದ್ದನ್ನು ಇಲ್ಲಿ ಬರೆಯಲ್ಲ. ಅವತ್ತಿನಿಂದ ನಾನೇ ಕಮೋಡ್ ಮೇಲೆ ಕೂತು ನೋಡದೆ ಗುರುತು ಹಾಕಿಸಲ್ಲ. ಜೂನಿಯರ್‌ಗಳು ನಗುತ್ತಾರೆ, ನಗಲಿ.

ಸೀನಿಯರ್ ಆದಮೇಲೆ ಏನು ಬದಲಾಗುತ್ತದೆ? ಕೈ ಹಚ್ಚಿ ಮಾಡುವ ಕೆಲಸ ಕಡಿಮೆ ಆಗುತ್ತದೆ. ನನ್ನ ಕೈಕೆಳಗೆ ಇಬ್ಬರು ಹುಡುಗಿಯರಿದ್ದಾರೆ. ವಾರಕ್ಕೊಂದು ಮನೆಗೆ ಅವರ ಜೊತೆ ಹೋಗಿ ಮೂಲೆಯಲ್ಲಿ ಕೂರುತ್ತೇನೆ. ಬಾಯಿ ಹಾಕದೆ ಕೂರೋದು ಎಷ್ಟು ಕಷ್ಟ ಅಂತ ನಿಮಗೂ ಮುಂದೆ ಗೊತ್ತಾಗುತ್ತದೆ. ಅವರ ಫೈಲು ಓದುತ್ತೇನೆ. ಬಾರ್ತೆಲ್ ಇಂಡೆಕ್ಸ್ (ದಿನನಿತ್ಯದ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಅಂತ ಅಂಕ ಹಾಕುವ ಪಟ್ಟಿ) 100ಕ್ಕೆ 100 ಬಂದಿದೆ, ಕೇಸ್ ಮುಗೀತು ಅಂತ ಬರೆದಿರುತ್ತಾರೆ. ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಎಲ್ಲ ಆ ಪಟ್ಟಿಯಲ್ಲಿದೆ. ಹೂ ಕಟ್ಟೋದು, ಒಗ್ಗರಣೆ ಹಾಕೋದು, ಬ್ಯಾಂಕಿಗೆ ಹೋಗಿ ಸಹಿ ಮಾಡೋದು ಇಲ್ಲ. ನೂರಕ್ಕೆ ನೂರು ಬಂದವರು ದಿನವಿಡೀ ಟಿವಿ ಮುಂದೆ ಕೂತಿರಬಹುದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮನೆಯವರು ಅದಕ್ಕೆ ಹಠ, ಸೋಮಾರಿತನ ಅನ್ನುತ್ತಾರೆ. ಅದನ್ನು ಗುರುತಿಸಿ ಡಾಕ್ಟರಿಗೆ ಹೇಳೋದು ನಮ್ಮ ಕೆಲಸವೇ.

ಸೀನಿಯರ್ ಪಾಲಿಗೆ ಬರುವ ಅತಿ ಬೇಸರದ ಕೆಲಸ ಅಂದರೆ "ಇನ್ನು ನಾವು ಬರೋದು ಬೇಡ" ಅಂತ ಹೇಳೋದು. ಬಹುಪಾಲು ಮನೆಗಳಲ್ಲಿ ಈ ಥೆರಪಿಗೆ ದುಡ್ಡು ಹೋಗೋದು ಜೇಬಿನಿಂದ. ಕೆಲವರು ಒಡವೆ ಅಡ ಇಟ್ಟಿರುತ್ತಾರೆ. ಆರು ತಿಂಗಳಾದಮೇಲೂ ಸುಧಾರಣೆ ಆಗುತ್ತದೆ, ವರ್ಷದ ಮೇಲೆ ಹೊಸ ಕೆಲಸ ಕಲಿತವರನ್ನೂ ನೋಡಿದ್ದೇನೆ. ಆದರೆ ಅದಕ್ಕೆ ವಾರಕ್ಕೆ ಐದು ದಿನ ನಾನು ಬೇಕಾಗಿಲ್ಲ. ತಿಂಗಳಿಗೊಮ್ಮೆ ಬಂದು ನೋಡಿದರೆ ಸಾಕು ಅಂದಾಗ ಕೆಲವರು ಅಳುತ್ತಾರೆ, ಕೈಬಿಟ್ಟರು ಅಂದುಕೊಳ್ಳುತ್ತಾರೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ವಿಸಿಟ್ ಲೆಕ್ಕದ ಮೇಲೆ ಇನ್ಸೆಂಟಿವ್ ಇತ್ತು. ಅದಕ್ಕೇ ಬಿಟ್ಟೆ. ನಿಮಗೆ ಸಿಕ್ಕಿರುವ ಆಫರ್‌ನಲ್ಲಿ ಆ ಸಾಲು ಇದೆಯಾ ಅಂತ ನೋಡಿಕೊಳ್ಳಿ.

ಸೇರುವ ಮುಂಚೆ ಅಲ್ಲಿನ ಸೀನಿಯರ್ ಯಾರಾದರೂ ಒಪ್ಪಿದರೆ ಒಂದು ವಾರ ಅವರ ಹಿಂದೆ ಸುತ್ತಿ. ಹೋಗೋದಾದರೆ ಬೆಳಗಿನ ಮೊದಲ ವಿಸಿಟ್‌ಗೇ ಹೋಗಿ, ಸ್ನಾನದ ಹೊತ್ತಿಗೆ. ಹನ್ನೊಂದು ಗಂಟೆಗೆ ಹೋದರೆ ರೋಗಿಗೆ ತಲೆ ಬಾಚಿ, ಒಗೆದ ಬಟ್ಟೆ ಹಾಕಿ ಹಾಲ್‌ನಲ್ಲಿ ಕೂರಿಸಿರುತ್ತಾರೆ. ಕಾಫಿ ಕೊಡುತ್ತಾರೆ. ಬೇರೇನೂ ಗೊತ್ತಾಗಲ್ಲ.