ಪಂಪ್ ನಿಂತರೆ ನರವೂ ನಿಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ನರದಲ್ಲಿ ಸಂಕೇತ ಹೊರಟಾಗ ಸೋಡಿಯಂ ಒಳಗೆ ನುಗ್ಗುತ್ತದೆ, ಸೋಡಿಯಂ-ಪೊಟ್ಯಾಸಿಯಂ ಪಂಪ್ ಅದನ್ನು ಹೊರಗೆ ಹಾಕಿ ನರವನ್ನು ಮೊದಲಿನ ಸ್ಥಿತಿಗೆ ತರುತ್ತದೆ ಎಂದು ನಮ್ಮ ನೋಟ್ಸ್‌ನಲ್ಲಿದೆ. ಹಾಗಾದರೆ ಪಂಪ್ ನಿಂತ ಕೂಡಲೇ ನರವೂ ನಿಲ್ಲಬೇಕು, ಅಲ್ವಾ?

ಉತ್ತರ: ಇಲ್ಲ, ಪಂಪ್ ನಿಂತ ಕೂಡಲೇ ನರ ನಿಲ್ಲುವುದಿಲ್ಲ. ನಿಮಗೆ ಸಂಶಯ ಬಂದದ್ದು ಸರಿ, ನೋಟ್ಸ್‌ನ ಆ ವಾಕ್ಯವೇ ತಪ್ಪು. ಪಾಠ ಮಾಡುತ್ತಿದ್ದಾಗ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯಕ್ಕೆ ಕೆಂಪು ಗೆರೆ ಎಳೆದೂ ಎಳೆದೂ ನನಗೆ ಸಾಕಾಗಿತ್ತು. ನಿವೃತ್ತಿಯಾದರೂ ಅದು ನನ್ನ ಬೆನ್ನು ಬಿಟ್ಟಿಲ್ಲ ನೋಡಿ!

ಸುಮ್ಮನಿರುವ ನರಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ. ಹೊರಗಿನ ಸೋಡಿಯಂ ಒಳಗಿನದಕ್ಕಿಂತ ಹತ್ತು ಪಟ್ಟಿಗೂ ಮೇಲಿರುತ್ತದೆ. ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಸಂಕೇತ ಬಂದಾಗ ಸೋಡಿಯಂ ಚಾನೆಲ್‌ಗಳು (ಪೊರೆಯಲ್ಲಿ ಸೋಡಿಯಂ ಹಾಯುವ ಬಾಗಿಲುಗಳು) ತೆರೆಯುತ್ತವೆ, ಒಳಬದಿ ಧನವಾಗುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಆ ಚಾನೆಲ್‌ಗಳು ತಾವೇ ಮುಚ್ಚಿಕೊಳ್ಳುತ್ತವೆ. ಅಷ್ಟರಲ್ಲಿ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು, ಒಳಬದಿ ಮತ್ತೆ ಋಣವಾಗುತ್ತದೆ. ಅಯಾನುಗಳು (ವಿದ್ಯುದಂಶವಿರುವ ಈ ಸೋಡಿಯಂ, ಪೊಟ್ಯಾಸಿಯಂ ಕಣಗಳು) ಇಲ್ಲಿ ಇಳಿಜಾರಿನ ಕಡೆಗೇ ಹೋಗುತ್ತವೆ, ತಳ್ಳುವವರು ಬೇಕಿಲ್ಲ. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪ್ ಈ ಕೆಲಸಕ್ಕೆ ತೀರಾ ನಿಧಾನ. ಅದು ಸೆಕೆಂಡಿಗೆ ನೂರಾರು ಅಯಾನು ದಾಟಿಸಿದರೆ, ತೆರೆದ ಚಾನೆಲ್‌ನಲ್ಲಿ ಅದೇ ಸೆಕೆಂಡಿಗೆ ಲಕ್ಷಗಟ್ಟಲೆ ಹಾಯಬಹುದು.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಕರೆಂಟ್ ಹೋದರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ. ಮೋಟಾರ್ ಬೇಕಿರುವುದು ಟ್ಯಾಂಕ್ ತುಂಬಿಸೋಕೆ.

ನರದ ಪಂಪ್ ನಿಲ್ಲಿಸಿ ನೋಡಿದವರೂ ಇದ್ದಾರೆ. ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ನರತಂತು ಅರ್ಧ ಮಿಲಿಮೀಟರ್ ದಪ್ಪ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಡ್ಜ್‌ಕಿನ್ ಮತ್ತು ಕೀನ್ಸ್ ಎಂಬ ವಿಜ್ಞಾನಿಗಳು ಇಂಥ ತಂತುಗಳಿಗೆ ಎಟಿಪಿ ತಯಾರಿಯನ್ನು ಕೆಡಿಸುವ ವಿಷ ಹಾಕಿದರು. ಸೋಡಿಯಂ ಹೊರಹೋಗುವುದು ಬಹುತೇಕ ನಿಂತಿತು, ಆದರೆ ಸಂಕೇತ ಹರಿಯುತ್ತಲೇ ಇತ್ತು. ಇದು ಪ್ರಕಟವಾದದ್ದು 1955ರಲ್ಲಿ. ನನಗೆ ಇದಕ್ಕಿಂತಲೂ ಇಷ್ಟವಾದದ್ದು 1961ರ ಪ್ರಯೋಗ. ಬೇಕರ್, ಹಾಡ್ಜ್‌ಕಿನ್ ಮತ್ತು ಶಾ ತಂತುವಿನ ಒಳಗಿನ ದ್ರವ್ಯವನ್ನು ರೋಲರ್‌ನಿಂದ ಒತ್ತಿ ಹೊರತೆಗೆದರು. ಖಾಲಿ ಕೊಳವೆಗೆ ಪೊಟ್ಯಾಸಿಯಂ ಲವಣದ ದ್ರಾವಣ ತುಂಬಿದರು. ಅದೂ ಗಂಟೆಗಟ್ಟಲೆ ಸಂಕೇತ ಸಾಗಿಸಿತು! ಪೊರೆ ಚೆನ್ನಾಗಿದ್ದು, ಒಳಗೂ ಹೊರಗೂ ಅಯಾನುಗಳ ವ್ಯತ್ಯಾಸ ಇದ್ದರೆ ಆಯಿತು.

ಹಾಗಂತ ಪಂಪ್ ಬೇಡ ಅನ್ನಬೇಡಿ. ದೈತ್ಯ ತಂತುವಿನಲ್ಲಿ ಒಂದು ಸಂಕೇತಕ್ಕೆ ಹೊರಹೋಗುವ ಪೊಟ್ಯಾಸಿಯಂ ಒಳಗಿರುವುದರಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ನಮ್ಮ ಮಿದುಳಿನ ತಂತುಗಳು ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಅಲ್ಲಿ ದಾಸ್ತಾನು ಬೇಗ ಕರಗುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲೂ ಶೇ. 20ರಷ್ಟು ಶಕ್ತಿ ತಿನ್ನುತ್ತದೆ. ಅದರಲ್ಲಿ ದೊಡ್ಡ ಪಾಲು ಈ ಪಂಪ್‌ಗಳಿಗೇ ಹೋಗುತ್ತದೆ. 1957ರಲ್ಲಿ ಇದನ್ನು ಕಂಡುಹಿಡಿದ ಯೆನ್ಸ್ ಸ್ಕೌ ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ.

ಪ್ರಶ್ನೆ: ಸತ್ತ ಮೇಲೆ ದೇಹದಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಸ್ನಾಯು ಸಡಿಲವಾಗಬೇಕಿತ್ತು. ಸೆಟೆದುಕೊಳ್ಳುವುದು ಯಾಕೆ?

ಉತ್ತರ: ಸ್ನಾಯು ಎಳೆಯೋಕೆ ಮಾತ್ರವಲ್ಲ, ಹಿಡಿತ ಬಿಡೋಕೂ ಎಟಿಪಿ ಬೇಕು. ಮಯೋಸಿನ್ ಎಂಬ ಪ್ರೋಟೀನಿನ ತಲೆ ಆಕ್ಟಿನ್ ಎಳೆಯನ್ನು ಹಿಡಿದು ಜಗ್ಗುತ್ತದೆ. ಹೊಸ ಎಟಿಪಿ ಬಂದು ಕೂತರೆ ಮಾತ್ರ ಆ ತಲೆ ಕಳಚುತ್ತದೆ. ಈ ಹಿಡಿತಕ್ಕೆ ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಕೆಲಸ ಮುಗಿದ ಮೇಲೆ ಅದನ್ನು ಉಗ್ರಾಣಕ್ಕೆ ವಾಪಸ್ ಕಳಿಸೋಕೆ ಇನ್ನೊಂದು ಪಂಪ್ ಇದೆ, ಅದಕ್ಕೂ ಎಟಿಪಿಯೇ ಬೇಕು. ಸತ್ತ ಮೇಲೆ ಕ್ಯಾಲ್ಸಿಯಂ ಸೋರುತ್ತದೆ, ತಲೆಗಳು ಹಿಡಿಯುತ್ತವೆ, ಬಿಡಿಸಲು ಎಟಿಪಿ ಇಲ್ಲ. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಬಿಗಿತ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಪ್ರೋಟೀನುಗಳೇ ಕೊಳೆಯತೊಡಗಿದಾಗ ಸಡಿಲವಾಗುತ್ತದೆ. ಬಿಸಿಲು, ಚಳಿಗೆ ತಕ್ಕಂತೆ ಈ ಲೆಕ್ಕ ಬದಲಾಗುತ್ತದೆ.

ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುವುದೂ ಇದೇನಾ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಅಲ್ಲಿ ನರ ವಿಪರೀತವಾಗಿ ಸಂಕೇತ ಕಳಿಸುತ್ತಿರುತ್ತದೆ, ಎಟಿಪಿ ಖಾಲಿಯಾಗಿರುವುದಿಲ್ಲ. ಕಾಲಿನ ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿಯಿರಿ.

ಪ್ರಶ್ನೆ: ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ ಅನ್ನುತ್ತದೆ, ನೋವಿನ ಉರಿ ಆಮೇಲೆ ಬರುತ್ತದೆ. ಇದು ನನಗೊಬ್ಬನಿಗೇನಾ?

ಉತ್ತರ: ಎಲ್ಲರಿಗೂ ಹಾಗೇ. ನೋವನ್ನು ಎರಡು ಬಗೆಯ ತಂತುಗಳು ತರುತ್ತವೆ. ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆಯಿರುವವು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದವು. ಹೊದಿಕೆಯೇ ಇಲ್ಲದವು ಸುಮಾರು 1 ಮೀಟರ್, ಅಂದರೆ ನಡಿಗೆಯ ವೇಗ. ಹಾಗಾಗಿ ಉರಿ ಒಂದು ಸೆಕೆಂಡ್ ತಡವಾಗಿ ಬರುತ್ತದೆ. ನರದ ವೇಗ ಅಳೆಯೋಕೇ ಆಗುವುದಿಲ್ಲ ಎಂದು ಒಂದು ಕಾಲದಲ್ಲಿ ಶರೀರವಿಜ್ಞಾನಿ ಯೋಹಾನೆಸ್ ಮ್ಯೂಲರ್ ನಂಬಿದ್ದರು. 1850ರ ಹೊತ್ತಿಗೆ ಕಪ್ಪೆಯ ನರದಲ್ಲಿ ಅದನ್ನು ಅಳೆದು ತೋರಿಸಿದ್ದು ಅವರದೇ ಶಿಷ್ಯ ಹೆಲ್ಮ್‌ಹೋಲ್ಟ್ಸ್.