ಹಳೇ ಕಾರಿಗೆ ಯಾವ ಹೆಡ್‌ಲೈಟ್ ಗಾಜು?

ಪ್ರಶ್ನೆ: ಅಪ್ಪನ ಹಳೇ ಅಂಬಾಸಡರ್ ರಿಪೇರಿ ಮಾಡಿಸ್ತಿದ್ದೇನೆ. ಗುಜರಿಯಲ್ಲಿ ಎರಡು ಥರದ ಹೆಡ್‌ಲೈಟ್ ಗಾಜು ಸಿಕ್ಕಿವೆ, ಎರಡೂ ಸರಿಯಾಗಿ ಕೂರುತ್ತವೆ. ಯಾವುದನ್ನು ಹಾಕಿಸಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಕೂತರೆ ಸಾಲದು. ಗಾಜನ್ನು ಚೆನ್ನಾಗಿ ತೊಳೆದು, ಬಿಸಿಲಿಗೆ ಓರೆಯಾಗಿ ಹಿಡಿದು ಅಚ್ಚಿನ ಗುರುತು ನೋಡಿ. ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರವಿದ್ದರೆ ಅದು ಯುರೋಪ್ ನಿಯಮದ ಗಾಜು; ಅದರ ಹತ್ತಿರ ಬಾಣ ಹುಡುಕಿ. ಕಾರಿನ ಎದುರು ನಿಂತು ನೋಡಿದಾಗ ಬಾಣದ ಮೊನೆ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ, ಎಡಬದಿಯಲ್ಲಿ ಓಡಿಸುವ ನಮ್ಮಂಥ ದೇಶಕ್ಕೆ ಅದೇ ಸರಿ. ಬಾಣವೇ ಇಲ್ಲದ್ದು ಬಲಬದಿಯ ದೇಶಗಳದ್ದು. ಅದನ್ನು ಹಾಕಿಕೊಂಡು ರಾತ್ರಿ ಶಿರಾ ರಸ್ತೆಗೆ ಹೋದರೆ, ಡಿಪ್ ಮಾಡಿದರೂ ಎದುರಿನವರ ಕಣ್ಣಿಗೇ ಬೆಳಕು ಹೊಡೆಯುತ್ತೆ, ದಯವಿಟ್ಟು ಬೇಡ. ಎರಡೂ ಕಡೆ ಒಂದೇ ಜೋಡಿ ಇರಲಿ. ಗೀರು ಹೋಗಲಿ ಅಂತ ಸ್ಯಾಂಡ್‌ಪೇಪರ್ ಮಾತ್ರ ಉಜ್ಜಬೇಡಿ.